ಬಾಲ ಕತ್ತರಿಸಿದ ಹಾಡು

“ಇದೇನ್ ಮೇಡಂ, ಕರೆಂಟ್ ಹೋದಂಗೆ ನಿಂತ್ಹೋಯ್ತಲ್ಲ ಹಾಡು!”

ಜೀಪಿನ ಹಿಂದಿನ ಸೀಟಿನಿಂದ ಪೇದೆ ಕತ್ತು ಮುಂದೆ ಚಾಚಿ ಹೇಳಿದ. ಇನ್ಸ್‌ಪೆಕ್ಟರಮ್ಮ ಫೋನಿನಲ್ಲಿ ಕೊನೆಯ ಸಾಲನ್ನು ಹಿಂದಕ್ಕೆಳೆದು ಮತ್ತೆ ಹಾಕಿದಳು. ಗಂಡುದನಿ ಮೇಲಕ್ಕೇರಿತು, ಒಂದು ಸ್ವರದ ಮೇಲೆ ನಿಂತಿತು, ಅದರ ಬೆನ್ನಿಗೆ ಪಿಟೀಲುಗಳು ತೆಳ್ಳಗೆ ಹರಡಿಕೊಳ್ಳತೊಡಗಿದವು. ಅಷ್ಟರಲ್ಲಿ ಟಪ್. ಕತ್ತಿಯಲ್ಲಿ ಕಡಿದ ಹಾಗೆ.

“ನಿಂತ್ಹೋಯ್ತು, ಹೌದು,” ಎಂದಳು. “ಮುಗೀಲಿಲ್ಲ.”

“ನನಗೇನೋ ಎರಡೂ ಒಂದೇ ಮೇಡಂ. ಮನೇಲಿ ಜಗಳ ನಿಂತ್ರೆ ಸಾಕು, ಮುಗೀಲೇಬೇಕು ಅಂತ ನಾನ್ಯಾವತ್ತೂ ಹಟ ಹಿಡಿದೋನಲ್ಲ.”

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈಗ ನಗುವುದಕ್ಕೂ ಮುಖ ಎತ್ತಬೇಕಲ್ಲ ಎನ್ನಿಸಿತು. ಸರಿಯಾಗಿ ನಿದ್ದೆ ಕಂಡು ಎಷ್ಟು ದಿನವಾಗಿತ್ತೋ; ಕಣ್ಣ ರೆಪ್ಪೆಯ ಒಳಗೆ ಮರಳು ಸುರಿದಂತಿತ್ತು. ಜೇಬಿನಲ್ಲಿ ಬಂಧನದ ಕಾಗದ. ಮೇಲಿನ ಸಾಹೇಬರು ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ. “ಇವತ್ತು ಸಾಯಂಕಾಲದೊಳಗೆ ಅವನನ್ನ ಕರ್ಕೊಂಡ್ ಬನ್ನಿ, ಸಾಕು ನಿಮ್ಮ ಸಂಗೀತಾಭ್ಯಾಸ” ಎಂದಿದ್ದರು.

ಅವನು ಎಂದರೆ ‘ಕಿವಿ’. ಸೌಂಡ್ ಎಂಜಿನಿಯರ್. ಸೂಜಿ ಬಿದ್ದರೆ ಯಾವ ನಂಬರಿನ ಸೂಜಿ ಎಂದು ಹೇಳುತ್ತಾನೆ ಎಂಬ ಖ್ಯಾತಿಗೆ ಕೆಲಸದವರೆಲ್ಲ ಸೇರಿ ಇಟ್ಟ ಹೆಸರು. ಅವನ ಭಾವ, ಸಂಗೀತ ನಿರ್ದೇಶಕ, ತನ್ನದೇ ಸ್ಟುಡಿಯೋದ ಹಿಂದಿನ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ. ಮೇಲಿನ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಿದ್ದವನು ಎದ್ದು ಬಂದು ಚಿಲಕ ಹಾಕಿ, ಮತ್ತೆ ಹೋಗಿ ಸಾಯಲಾರ. ಒಳಗಿದ್ದವನು ತಾನೊಬ್ಬನೇ ಎಂದು ಕಿವಿಯೇ ಬರೆದುಕೊಟ್ಟಿದ್ದ. ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಎಕ್ಸ್‌ಪೋರ್ಟ್ ಮಾಡುತ್ತ, ಎಂದರೆ ಮುಗಿದ ಹಾಡನ್ನು ಒಂದೇ ಫೈಲಾಗಿ ಹೊರತೆಗೆಯುತ್ತ, ಕೂತಿದ್ದೆ, ಏನೂ ಕೇಳಿಸಲಿಲ್ಲ ಎಂದಿದ್ದ.

ಊರಿಗೇ ಹೆಸರಾದ ಕಿವಿಗೆ ಏನೂ ಕೇಳಿಸಲಿಲ್ಲವಂತೆ. ಸಾಹೇಬರು ನಕ್ಕಿದ್ದು ಅದಕ್ಕೇ.

ಆದರೆ ಬೆಳಿಗ್ಗೆ ಇಸ್ತ್ರಿ ಮಾಡುತ್ತ ಇನ್ಸ್‌ಪೆಕ್ಟರಮ್ಮ ಅವನು ಕೆಲಸ ಮಾಡಿದ ಬೇರೆ ಹಾಡುಗಳನ್ನೆಲ್ಲ ಒಂದಾದ ಮೇಲೊಂದು ಕೇಳಿದ್ದಳು. ಒಂದೂ ಹೀಗೆ ಕಡಿದುಕೊಂಡು ನಿಲ್ಲುತ್ತಿರಲಿಲ್ಲ. ಕೊನೆಯ ದನಿ ಮೆಲ್ಲಗೆ ಸಣ್ಣದಾಗಿ, ಇದೆಯೋ ಇಲ್ಲವೋ ಎನ್ನುವಷ್ಟಾಗಿ, ಆರುತ್ತಿತ್ತು. ಸೀರೆಯ ಸೆರಗಿಗೆ ಇಸ್ತ್ರಿ ತಗಲಿ ಕರಕಲಾದದ್ದೂ ಆಗಲೇ.

*

ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ, ಸ್ಟುಡಿಯೋ ಸೇರಿಕೊಂಡ ಆ ಮನೆಯ ಬಾಗಿಲು ಬಡಿದಳು. ಬಾಗಿಲು ತೆಗೆದವಳು ಸತ್ತವನ ಹೆಂಡತಿ, ಕಿವಿಯ ಅಕ್ಕ. ಬಣ್ಣ ಹೋದ ನೂಲಿನ ಸೀರೆ, ಬಾಚದ ಕೂದಲು. ಗಂಡ ಹೋದ ದಿನ ಆಕೆ ನಾದಿನಿಯ ಮನೆಯಲ್ಲಿದ್ದಳು. ನಾದಿನಿಯೂ ಹಾಗೇ ಹೇಳಿದ್ದಳು.

“ಮತ್ತೆ ಬಂದ್ರಾ?” ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ, ಅದಕ್ಕೆ ಬೇಕಾದ ಕಸುವೂ ಇರಲಿಲ್ಲ. “ಅವರು ಕಾಲು ಜಾರಿ ಬಿದ್ರು. ನಾನು ಒಪ್ಕೊಂಡಾಯ್ತು ಮೇಡಂ. ನೀವ್ಯಾಕೆ ಒಪ್ಕೊಳ್ಳಲ್ಲ?”

“ನಾನು ಒಪ್ಕೋತೀನಮ್ಮ. ಆ ಚಿಲಕ ಒಪ್ಕೊಳ್ತಿಲ್ಲ.”

ಅಕ್ಕ ಒಂದು ಕ್ಷಣ ಅವಳ ಜೇಬಿನ ಕಡೆ ನೋಡಿದಳು. ಪೊಲೀಸರ ಜೇಬಿನಲ್ಲಿ ಮಡಚಿದ ಕಾಗದ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇರೋನು ಇವನೊಬ್ಬ,” ಎಂದಳು ಅಕ್ಕ. “ನಾನು ಎತ್ತಿ ಆಡಿಸಿದ ಮಗು. ಇರುವೆ ಕಂಡ್ರೆ ಕಾಲು ಎತ್ತಿಟ್ಟು ನಡೆಯೋ ಹುಡುಗ.” ಮುಂದೆ ಹೇಳಲಾರದೆ, ಕಾಫಿ ಮಾಡುತ್ತೇನೆಂದು ಒಳಗೆ ಹೋದಳು.

ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಈ ಸ್ಟುಡಿಯೋ ಕೋಣೆಯ ಗೋಡೆಗಳ ಕಿವಿಗೆ ಮಾತ್ರ ಚೆನ್ನಾಗಿ ಹತ್ತಿ ತುರುಕಿದ್ದರು. ಬಾಗಿಲು ಮುಚ್ಚಿದರೆ ಸ್ವಂತ ಉಸಿರೇ ಯಾರೋ ಪಕ್ಕದಲ್ಲಿ ಕೂತಂತೆ ಕೇಳುತ್ತಿತ್ತು. ಒಂದು ಮೂಲೆಯಲ್ಲಿ ಮೈಕು, ಇನ್ನೊಂದು ಮೂಲೆಯಲ್ಲಿ ನೆಲಮುಟ್ಟುವ ದಪ್ಪ ಪರದೆ, ಅದರ ಪಕ್ಕದಲ್ಲಿ ಆ ಹಿಂಬಾಗಿಲು. ಮಧ್ಯದಲ್ಲಿ ದೊಡ್ಡ ಸ್ಕ್ರೀನಿನ ಮುಂದೆ ಕಿವಿ. ಇವರನ್ನು ಕಂಡು ಕುರ್ಚಿಯನ್ನು ಸ್ವಲ್ಪ ಓರೆ ಮಾಡಿಕೊಂಡ.

“ಎಕ್ಸ್‌ಪೋರ್ಟ್ ಮಾಡೋದು ಹೇಗೆ ಅಂತ ಇನ್ನೊಂದ್ಸಲ ತೋರಿಸಿ,” ಎಂದಳು ಇನ್ಸ್‌ಪೆಕ್ಟರಮ್ಮ.

“ಮೊದಲೇ ತೋರಿಸಿದ್ನಲ್ಲ ಮೇಡಂ.”

“ನಾನು ದಡ್ಡಿ ಅಂದ್ಕೊಳ್ಳಿ.”

ಅವನು ನಿಟ್ಟುಸಿರಿಟ್ಟು ಮೌಸ್ ಹಿಡಿದ. ಸ್ಕ್ರೀನಿನ ಮೇಲೆ ಒಂದರ ಕೆಳಗೊಂದು ಬಣ್ಣದ ಪಟ್ಟಿಗಳು, ತಂತಿಯ ಮೇಲೆ ಬಟ್ಟೆ ಒಣಹಾಕಿದ ಹಾಗೆ. ಒಂದು ಪಟ್ಟಿ ದನಿ, ಒಂದು ಪಿಟೀಲು, ಒಂದು ತಬಲಾ.

“ಮೇಲೆ ಎರಡು ಗುರುತಿದೆ ನೋಡಿ, ಶುರು ಮತ್ತೆ ಕೊನೆ. ಇವೆರಡರ ಮಧ್ಯೆ ಇರೋದಷ್ಟೇ ಫೈಲ್ ಆಗಿ ಹೊರಗೆ ಹೋಗುತ್ತೆ. ಗುರುತು ಹಾಕ್ದೇ ಬಿಟ್ರೆ, ಕೊನೇ ತುಣುಕು ಎಲ್ಲಿದೆಯೋ ಅಲ್ಲೀತನಕ ಹೋಗುತ್ತೆ. ಒಂದ್ಸಲ ಎಲ್ಲೋ ದೂರದಲ್ಲಿ ಒಂದು ಚಪ್ಪಾಳೆ ತುಣುಕು ಮರೆತುಬಿಟ್ಟಿದ್ದೆ. ನಾಲ್ಕು ನಿಮಿಷ ಹಾಡು, ಆಮೇಲೆ ಅರ್ಧ ಗಂಟೆ ಮೌನ, ಕೊನೆಗೊಂದು ಚಪ್ಪಾಳೆ. ಹಾಡು ಮಾಡಿಸಿದೋರು ಫೋನ್ ಮಾಡಿ, ಎಲ್ಲಕ್ಕಿಂತ ಮೌನ ಚೆನ್ನಾಗಿ ಬಂದಿದೆ ಅಂದ್ರು.”

ಅವನ ಎಡಪಕ್ಕದಲ್ಲಿ ನಿಂತಿದ್ದ ಪೇದೆ ಗೊಳ್ಳೆಂದು ನಕ್ಕು, “ಅವರ ವಿಳಾಸ ಕೊಡಿ ಸ್ವಾಮಿ, ನಮ್ಮನೆಗೂ ಅಂಥದ್ದೊಂದು ಹಾಡು ಬೇಕು” ಎಂದ. ಕಿವಿ ಅವನತ್ತ ತಿರುಗಲೂ ಇಲ್ಲ. ದೊಡ್ಡಸ್ತಿಕೆ ಎಂದುಕೊಂಡು ಪೇದೆ ಬಾಯಿ ಮುಚ್ಚಿದ.

“ಕೊನೇ ಗುರುತು ಎಲ್ಲಿ ಹಾಕ್ತೀರಿ?”

“ಕೊನೇ ತಾಳದ ಮೇಲೆ ಹಾಕಿದ್ರೆ ಕೆಟ್ಟಿತು. ಹಾಡೋದು ನಿಂತ್ಮೇಲೂ ಗುಂಗು ಇರುತ್ತಲ್ಲ, ಅದಕ್ಕೆ ನಾವು ಬಾಲ ಅಂತೀವಿ. ಬಾಲ ಪೂರ್ತಿ ಆರಬೇಕು. ಆಮೇಲೆ ಇನ್ನೊಂದು ಉಸಿರಿನಷ್ಟು ಜಾಗ ಬಿಟ್ಟು ಗುರುತು. ಬಾಲ ಕತ್ತರಿಸೋನು ಎಂಜಿನಿಯರ್ ಅಲ್ಲ ಮೇಡಂ, ಕಟುಕ.”

“ಆ ದಿನ ನೀವು ಪೂರ್ತಿ ಕೇಳ್ತಾ ಕೂತಿದ್ರಿ.”

“ಕೇಳಲೇಬೇಕು. ಭಾವಂಗೆ ದನಿಗೆ ಮೆರುಗು ಕೊಡೋ ಆ ಹಳೇ ಪೆಟ್ಟಿಗೆ ಮೇಲೆ ಪ್ರೀತಿ. ಹಾಡು ಅದರ ಮೂಲಕ ಹಾಯ್ದು ಬರಬೇಕು, ಹಾಗಾಗಿ ಹಾಡು ಎಷ್ಟು ಉದ್ದವೋ ಎಕ್ಸ್‌ಪೋರ್ಟೂ ಅಷ್ಟೇ ಹೊತ್ತು. ಮಧ್ಯೆ ಎದ್ದು ಹೋಗೋಹಾಗಿಲ್ಲ.”

ಕುಣಿಕೆ ಸಿದ್ಧವಾಗಿತ್ತು. ಅವಳು ಮೇಜಿನ ಮೇಲಿದ್ದ ಹೆಡ್‌ಫೋನನ್ನು ಅವನತ್ತ ಸರಿಸಿದಳು.

“ಹಾಗಿದ್ರೆ ಆ ದಿನದ ಫೈಲ್ ಹಾಕಿ. ಕೊನೇ ಸಾಲು. ಕೇಳಿ ಹೇಳಿ.”

ಅವನು ಕಣ್ಣು ಮುಚ್ಚಿ ಕೇಳಿದ. ಮುಗಿಯಿತು. ಹೆಡ್‌ಫೋನ್ ತೆಗೆದು, ತಿರುಗಿಸಿ ಹಾಕಿಕೊಂಡು ಇನ್ನೊಮ್ಮೆ ಕೇಳಿದ. ಈಗ ‘ಎಡ’ ಎಂಬ ಗುರುತಿದ್ದ ಬಟ್ಟಲು ಅವನ ಬಲಗಿವಿಯ ಮೇಲಿತ್ತು. ಇನ್ಸ್‌ಪೆಕ್ಟರಮ್ಮ ಕಾಯುತ್ತಿದ್ದುದು ಒಂದೇ ಒಂದು ಸಣ್ಣ ಬೆಚ್ಚುವಿಕೆಗೆ. ಬಾಲ ಕತ್ತರಿಸಿದ್ದು ಕಿವಿಗೆ ಬಿದ್ದ ಕೂಡಲೇ ಅವನ ಮುಖ ಹುಳ್ಳಗಾಗಬೇಕು. ಆಗ ಅವಳು, ‘ಇದು ನಿಮ್ಮ ಕೈಕೆಲಸ ಅಲ್ಲ, ನೀವು ಆಗ ಇಲ್ಲಿರಲೇ ಇಲ್ಲ’ ಎನ್ನಬೇಕು. ದಾರಿಯುದ್ದಕ್ಕೂ ಈ ಮಾತನ್ನು ಜೋಡಿಸಿಕೊಂಡು ಬಂದಿದ್ದಳು.

ಮುಖ ಬೆಳಗಿನ ನೀರಿನ ಹಾಗೆ ಶಾಂತವಾಗಿತ್ತು.

“ಸರಿಯಾಗಿದೆ,” ಎಂದ.

“ಕೊನೆ?”

“ಕೊನೆ ತುಂಬಾ ಚೆನ್ನಾಗಿ ಬಂದಿದೆ. ಪಿಟೀಲು ಹಾಗೇ ಕರಗಿಹೋಗುತ್ತೆ, ಅಲ್ವಾ?”

“ಕರಗೋದು ಎಲ್ಲಿ ಬಂತು ಸ್ವಾಮಿ...” ಎಂದು ಶುರುಮಾಡಿದ ಪೇದೆಯನ್ನು ಅವಳು ಕೈಯೆತ್ತಿ ತಡೆದಳು. ಕಿವಿ ಅವನ ಮಾತಿಗೂ ತಿರುಗಲಿಲ್ಲ. ಹೆಡ್‌ಫೋನ್ ತೆಗೆದಾಗಿತ್ತು, ಪೇದೆ ಮೊಳದಳತೆಯಲ್ಲಿದ್ದ.

ಇನ್ಸ್‌ಪೆಕ್ಟರಮ್ಮನಿಗೆ ಒಮ್ಮೆಲೇ ಕೂರಬೇಕೆನ್ನಿಸಿತು. ಸುಳ್ಳನ್ನು ಹಿಡಿಯಲು ಬಲೆ ಬೀಸಿದ್ದಳು. ಬಲೆಗೆ ಬಿದ್ದದ್ದು ಬೇರೆಯೇ. ಸ್ಟೂಲನ್ನು ಅವನ ಬಲಕ್ಕೆ ಎಳೆದುಕೊಂಡು ಕೂತು, ಮೆಲ್ಲಗಲ್ಲ, ಸ್ಪಷ್ಟವಾಗಿ ಕೇಳಿದಳು:

“ಎಡಗಿವಿ ಯಾವಾಗಿಂದ ಕೇಳಲ್ಲ?”

ಅವನು ಮೊದಲು ನೋಡಿದ್ದು ಅವಳನ್ನಲ್ಲ, ಬಾಗಿಲನ್ನು. ಅಕ್ಕ ಅಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ಭುಜ ಇಳಿಬಿಟ್ಟ. ಅಷ್ಟು ಹೊತ್ತು ಒಂದು ಮೂಟೆ ಹೊತ್ತೇ ಕೂತಿದ್ದನೇನೋ.

“ಎರಡು ವರ್ಷ ಆಯ್ತು. ಅದು ಪೂರ್ತಿ ಹೋಯ್ತು. ಈಗ ಬಲಗಿವೀನೂ ಸಣ್ಣ ಸದ್ದುಗಳನ್ನ ಬಿಟ್ಕೊಡ್ತಾ ಇದೆ. ಬಾಲ ಎಷ್ಟು ಉದ್ದ ಅಂತ ಸ್ಕ್ರೀನ್ ನೋಡಿ ಹಾಕ್ತೀನಿ ಮೇಡಂ, ಕಣ್ಣಲ್ಲಿ. ಯಾರಿಗೂ ಗೊತ್ತಾಗಿಲ್ಲ.”

“ಆ ದಿನ ಎಲ್ಲಿದ್ರಿ?”

“ಡಾಕ್ಟರ್ ಹತ್ರ. ಊರಿನ ಆ ತುದೀಲಿ, ನಮ್ಮ ಕಸುಬಿನೋರು ಯಾರೂ ಬರದ ಕಡೆ. ಭಾವ ಒಂದು ಸಾಲು ಮತ್ತೆ ಹಾಡಬೇಕು, ನಾನೇ ರೆಕಾರ್ಡ್ ಮಾಡ್ಕೋತೀನಿ, ನೀನು ಹೊರಗೆ ಸುತ್ತಾಡ್ಕೊಂಡು ಬಾ ಅಂದ್ರು. ನನಗೂ ಅದೇ ಬೇಕಿತ್ತು. ವಾಪಸ್ ಬಂದಾಗ ಕೋಣೇಲಿ ಯಾರೂ ಇರಲಿಲ್ಲ. ಹಾಡು ಎಕ್ಸ್‌ಪೋರ್ಟ್ ಆಗಿ ಕೂತಿತ್ತು. ಭಾವಾನೇ ಮಾಡಿದಾರೆ ಅಂದ್ಕೊಂಡೆ. ಒಂದ್ಸಲ ಕೇಳಿದೆ, ಸರಿ ಅನ್ನಿಸ್ತು. ಆಮೇಲೆ ಕೆಳಗಿಂದ ಜನ ಓಡಿ ಬಂದ್ರು.”

ಅವಳು ಪೇದೆಗೆ ಕಣ್ಸನ್ನೆ ಮಾಡಿದಳು. ಡಾಕ್ಟರ ವಿವರ ಕೇಳಿಕೊಂಡು ಅವನು ಫೋನ್ ಹಿಡಿದು ಹೊರಗೆ ನಡೆದ.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ರೀ ನಿಮಗೆ? ಕುತ್ತಿಗೆಗೆ ಬರ್ತಿದೆ, ಗೊತ್ತಾ?”

“ಗೊತ್ತು.” ಅವನು ನಕ್ಕ, ನಗುವಿನಲ್ಲಿ ಜೀವವಿರಲಿಲ್ಲ. “ಹೇಳಿದ್ರೆ ಜೈಲು ತಪ್ಪುತ್ತೆ. ಆಮೇಲೆ? ಕಿವಿ ಕೇಳದ ಕಿವಿ ಹತ್ರ ಯಾರು ಹಾಡು ತರ್ತಾರೆ? ಇನ್ನು ಈ ಸ್ಟುಡಿಯೋದಲ್ಲಿ ದುಡಿಯೋನು ನಾನೊಬ್ಬನೇ. ಅಕ್ಕ ಏನ್ ಮಾಡ್ಬೇಕು?”

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಿರಪರಾಧಿ ಎಂದು ಗೊತ್ತಾದ ದಿನ ಊಟ ರುಚಿಸುತ್ತಿತ್ತು. ಈಗ ಒಬ್ಬನನ್ನು ಉಳಿಸುವುದೂ ಅವನ ಮನೆಗೆ ಬೆಂಕಿ ಇಡುವ ಹಾಗೇ ಕಾಣುತ್ತಿತ್ತು.

ಪೇದೆ ಬಾಗಿಲಲ್ಲಿ ತಲೆ ಹಾಕಿ, “ನಿಜ ಮೇಡಂ. ಸಾಯಂಕಾಲದವರೆಗೂ ಅಲ್ಲೇ ಪರೀಕ್ಷೆಗೆ ಕೂತಿದ್ರಂತೆ,” ಎಂದು ಹೇಳಿ, ಯಾಕೋ ತಾನೇ ತಪ್ಪು ಮಾಡಿದವನಂತೆ ಹಿಂದೆ ಸರಿದ. ಜೇಬಿನ ಕಾಗದ ಇನ್ನು ಹೊಟ್ಟು.

“ನಿಮ್ಮ ಭಾವಂಗೆ ಎಕ್ಸ್‌ಪೋರ್ಟ್ ಮಾಡೋಕೆ ಬರ್ತಿತ್ತಾ?”

“ರೆಕಾರ್ಡ್ ಗುಂಡಿ ಒತ್ತೋಕೆ ಬರ್ತಿತ್ತು. ಉಳಿದದ್ದೆಲ್ಲ ಅವರಿಗೆ ಕಬ್ಬಿಣದ ಕಡಲೆ.” ಹೇಳಿದವನೇ ತಡೆದ. ತನ್ನ ಮಾತು ತನಗೇ ಆಗ ತಲುಪಿತು. “ಮತ್ತೆ... ಯಾರು ಮಾಡಿದ್ರು?”

“ನಾನು ಬಂದಿದ್ದೇ ಅದಕ್ಕೆ. ಆ ಫೈಲಿನಲ್ಲಿ ಬಾಲ ಇಲ್ಲ. ಕೊನೇ ತಾಳಕ್ಕೆ ಕಡಿದಿದೆ.”

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಕೊಲೆಯ ಮಾತು ಬಂದಾಗಲೂ ಅವನು ಹೀಗೆ ಬಿಳಿಚಿಕೊಂಡಿರಲಿಲ್ಲ. ಸರಸರನೆ ಸ್ಕ್ರೀನಿನತ್ತ ತಿರುಗಿ, ಹಾಡಿನ ಕೊನೆಯನ್ನು ದೊಡ್ಡದು ಮಾಡಿದ.

“ಕೊನೇ ಗುರುತು ತಾಳದ ಮೇಲೇ ಇದೆ,” ಎಂದು ಗೊಣಗಿದ. “ಛೆ. ಇಲ್ಲಿ ನೋಡಿ, ಭಾವನ ದನಿಯ ತುಣುಕನ್ನೂ ಅಲ್ಲಿಗೇ ಮೊಟಕು ಮಾಡಿದ್ದಾರೆ.”

“ಅಳಿಸಿದ್ದಾರಾ?”

“ಅಳಿಸಿಲ್ಲ. ಸೀರೆಯ ನೆರಿಗೆ ಒಳಗೆ ಮಡಚಿದ ಹಾಗೆ. ಅಂಚು ಹಿಡಿದು ಎಳೆದ್ರೆ ಒಳಗಿರೋದು ಹೊರಗೆ ಬರುತ್ತೆ.”

ಎಳೆದ. ನೀಲಿ ಪಟ್ಟಿ ಬಲಕ್ಕೆ ಉದ್ದವಾಗುತ್ತ ಹೋಯಿತು. ಭಾವ ಹಾಡಿ ಮುಗಿಸಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಮೈಕು ತೆರೆದೇ ಇತ್ತು. ದೊಡ್ಡ ಅಲೆಗಳ ನಂತರ ಬರೀ ಗೆರೆ, ಅದರ ಮೇಲೆ ಅಲ್ಲಲ್ಲಿ ಇರುವೆ ಸಾಲಿನಂಥ ಸಣ್ಣ ಉಬ್ಬುಗಳು. ಅವನು ಕೇಳಿ ನೋಡಿದ, ತಲೆಯಾಡಿಸಿದ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.

“ಮೈಕಿಂದ ದೂರ ಏನೋ ಇದೆ. ನನಗೆ ದಕ್ಕೋದಿಲ್ಲ. ನೀವೇ ಕೇಳಿ.”

ಅವಳು ಕೇಳಿದಳು. ಕೊನೆಯ ಸ್ವರ. ಒಂದು ಉಸಿರು. ಬಾಗಿಲು ತೆರೆದ ಸದ್ದು. ಆಮೇಲೆ ಸತ್ತವನ ಮಾತು:

“ಬಂದ್ಯಾ? ನಿನ್ನ ತಮ್ಮ ಡಾಕ್ಟರ್ ಹತ್ರ ಹೋಗಿದಾನೆ, ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ಕಿವುಡನನ್ನ ಇಟ್ಕೊಂಡು ನಾನು ಕಸುಬು ಮಾಡೋಕಾಗಲ್ಲ. ಇದೇ ಅವನ ಕೊನೇ ಹಾಡು.”

ಹೆಣ್ಣುದನಿ ಒಡೆದು ಬಂತು. “ಹಂಗನ್ಬೇಡಿ ರೀ. ನಿಮ್ಮ ಹೆಸರಿಗೆ ತನ್ನ ಕಿವೀನೇ ಕೊಟ್ಟೋನು ಅವನು. ಅವನನ್ನ ಆಚೆ ಹಾಕಿದ್ರೆ ನಾನೂ ಈ ಮನೇಲಿರಲ್ಲ.”

ಇನ್ಸ್‌ಪೆಕ್ಟರಮ್ಮ ಕೈ ಎತ್ತಿದಳು. ಅವನು ನಿಲ್ಲಿಸಿದ. ಹೆಡ್‌ಫೋನ್ ತೆಗೆದು ತಲೆಯೆತ್ತಿದರೆ, ಅವನ ಎಡಕ್ಕೆ, ಎರಡು ಮಾರು ದೂರದಲ್ಲಿ, ಅದೇ ದನಿಯ ಒಡತಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಸ್ಕ್ರೀನಿನ ಮೇಲೆ ಉದ್ದವಾಗಿ ಬಿಚ್ಚಿಕೊಂಡ ನೀಲಿ ಪಟ್ಟಿಯನ್ನೇ ನೋಡುತ್ತಿದ್ದಳು.

“ಏನ್ ಕೇಳಿಸ್ತು ಮೇಡಂ?” ಎಂದ ಕಿವಿ, ಸ್ಕ್ರೀನಿನಿಂದ ಕಣ್ಣು ಕೀಳದೆ.

“ಅವನಿಗೆ ಹೇಳಬೇಡಿ,” ಎಂದಳು ಅಕ್ಕ. ಪಿಸುಗುಡಲಿಲ್ಲ, ಸಹಜವಾಗಿಯೇ ಹೇಳಿದಳು. ತಮ್ಮನ ಯಾವ ಪಕ್ಕದಲ್ಲಿ ನಿಂತರೆ ಏನು ಬೇಕಾದರೂ ಆಡಬಹುದು ಎನ್ನುವುದು ಅವಳಿಗೆ ಬಹಳ ದಿನದಿಂದ ತಿಳಿದಿತ್ತು. “ಭಾವ ಅವನನ್ನ ಕಿವುಡ ಅಂದ್ರು ಅನ್ನೋದು ಅವನಿಗೆ ಗೊತ್ತಾಗೋದು ಬೇಡ. ಅದಕ್ಕೇ ನಾನು ಮೊಟಕು ಮಾಡಿದ್ದು. ಅವನು ಇದನ್ನ ಮತ್ತೆ ತೆರೆಯಬಾರದು ಅಂತ ಎಕ್ಸ್‌ಪೋರ್ಟೂ ಮಾಡಿಟ್ಟೆ. ಮನೇಲೇ ಸ್ಟುಡಿಯೋ ಇರೋದಲ್ವಾ, ಅವನೇ ಕಲಿಸಿದ್ದ. ಬಾಲದ ಪಾಠಕ್ಕೆ ನಾನು ಗಮನ ಕೊಟ್ಟಿರಲಿಲ್ಲ ಅನ್ಸುತ್ತೆ.”

ಇನ್ಸ್‌ಪೆಕ್ಟರಮ್ಮ ಎದ್ದು ಅವನ ಎಡಕ್ಕೆ, ಅಕ್ಕನ ಹತ್ತಿರ ಹೋದಳು. “ನಾದಿನಿ ಮನೆ?”

“ಪಾಪ, ನನಗೋಸ್ಕರ ಹೇಳಿದ್ಲು.”

“ಮೆಟ್ಟಿಲ ಮೇಲೆ ಏನಾಯ್ತು?”

“ನಾನು ಕಾಣೆ ಮೇಡಂ, ನನ್ನ ಆಣೆ. ಅತ್ಕೊಂಡು ಹಿಂಬಾಗಿಲಿಂದ ಇಳಿದು ಹೋದೆ. ನನ್ನ ಬೆನ್ನಿಗೇ ಅವರು ಚಿಲಕ ಹಾಕ್ಕೊಂಡ್ರು. ಸ್ವಲ್ಪ ಹೊತ್ತಿಗೆ ಮನಸ್ಸು ತಡೀದೆ ಮುಂಬಾಗಿಲಿಂದ ವಾಪಸ್ ಬಂದೆ. ಅವರಿರಲಿಲ್ಲ. ರೆಕಾರ್ಡಿಂಗ್ ಹಾಗೇ ಓಡ್ತಾ ಇತ್ತು. ಕೆಳಗೆ ಬಿದ್ದಿದಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

“ಹೀಗೇ ಎಲ್ಲರೂ ಹೇಳ್ತಾರಮ್ಮ,” ಎಂದಳು ಇನ್ಸ್‌ಪೆಕ್ಟರಮ್ಮ. ಗದರಿಕೆಯಾಗಿ ಬರಬೇಕಿದ್ದ ಮಾತು ಬರೀ ಸುಸ್ತಾಗಿ ಬಂತು. ಕಾಗದದಲ್ಲಿ ಹೆಸರೊಂದನ್ನು ತಿದ್ದಿದರಾಯಿತು, ಸಾಹೇಬರಿಗೆ ಅಕ್ಕನಾದರೇನು ತಮ್ಮನಾದರೇನು. “ಇದನ್ನ ಯಾಕೆ ಅಳಿಸಲಿಲ್ಲ?”

“ಮೊದಲು ಅಳಿಸೋಣ ಅಂತಿದ್ದೆ. ಆಮೇಲೆ ಅವರು ಹೋದ್ರು. ಬೈದಿದ್ದಾದ್ರೂ ಅದೇ ಅವರ ಕೊನೇ ಮಾತಲ್ವಾ. ನನ್ನ ದನಿ ಬಂದಲ್ಲಿಗೆ ಕೇಳೋಕಾಗದೆ ನಿಲ್ಲಿಸಿಬಿಟ್ಟೆ. ಮುಂದಕ್ಕೆ ಇವತ್ತಿಗೂ ಕೇಳಿಲ್ಲ.”

ತಟ್ಟೆಯಲ್ಲಿ ಲೋಟಗಳು ಸದ್ದು ಮಾಡುತ್ತಿದ್ದವು. ಕಿವಿಗೆ ಒಂದೂ ಕೇಳಿಸುತ್ತಿರಲಿಲ್ಲ. ಅವನು ಪಟ್ಟಿಯ ಅಂಚನ್ನು ಹಿಡಿದು ಕಾಯುತ್ತಿದ್ದ, ತನ್ನ ಕೆಲಸದಲ್ಲಿ ಮುಳುಗಿದವನ ತಾಳ್ಮೆಯಿಂದ.

“ಇನ್ನೂ ಇದೆ ಮೇಡಂ,” ಎಂದ. “ಎಳೀಲಾ?”

ಅಕ್ಕ ಬೇಡವೆಂದು ತಲೆಯಾಡಿಸಿದಳು. “ನಾನು ಹೋದ್ಮೇಲೆ ಬರೀ ಖಾಲಿ ಕೋಣೆ ಅದು.”

“ಎಳೀರಿ,” ಎಂದಳು ಮತ್ತೆ ಅವನ ಬಲಕ್ಕೆ ಬಂದು ಕೂತ ಇನ್ಸ್‌ಪೆಕ್ಟರಮ್ಮ, ಹೆಡ್‌ಫೋನ್ ಹಾಕಿಕೊಂಡು.

ಜಗಳ ಮುಂದುವರಿಯಿತು. ಅಳು. ಬಿರಬಿರನೆ ಹೆಜ್ಜೆ. ಬಾಗಿಲು ಬಡಿಯಿತು, ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆಗಳು ಗಣಗಣವೆಂದು ದೂರಕ್ಕೆ ಇಳಿದವು. ಆಮೇಲೆ, ಸ್ವಲ್ಪವೂ ಅನುಮಾನಕ್ಕೆ ಎಡೆಯಿಲ್ಲದಂತೆ, ಚಿಲಕ. ಅಕ್ಕ ಹೇಳಿದ್ದು ನಿಜ. ಅವಳು ಹೋದಾಗ ಗಂಡ ಬದುಕಿದ್ದ, ಚಿಲಕವನ್ನು ಅವನೇ ಹಾಕಿಕೊಂಡಿದ್ದ.

ಇನ್ಸ್‌ಪೆಕ್ಟರಮ್ಮ ಎಷ್ಟೋ ದಿನಗಳ ಮೇಲೆ ಒಂದು ನಿರಾಳ ಉಸಿರು ಬಿಡಲಿದ್ದಳು.

ಅಷ್ಟರಲ್ಲಿ ಅವಳ ಕಿವಿಯೊಳಗೆ ಭಾವನ ಹೆಜ್ಜೆ ಕೋಣೆಯ ನಡುವಿಗೆ ಮರಳಿ ಬಂದು ನಿಂತಿತು. ದನಿ ಈಗ ಬದಲಾಗಿತ್ತು. ಸಣ್ಣಗೆ, ಸಲಿಗೆಯಿಂದ, ಕೋಣೆಯಲ್ಲೇ ಇದ್ದ ಇನ್ನೊಬ್ಬರಿಗೆ ಅವನು ಹೇಳಿದ:

“ಹೋದಳು. ಇನ್ನು ನೀನು ಪರದೆಯಿಂದ ಆಚೆ ಬಾ.”